ಎರವಲು ಹೋದವರ ಋಣ

ಸಂಡೂರಿನ ಬೆಟ್ಟಸಾಲಿನಲ್ಲಿ ದೋಣಿಮಲೈ ಎಂಬ ಗಣಿಯೂರಿದೆ. ಹೆಸರಿನಲ್ಲಿ ದೋಣಿಯಿದ್ದರೂ ಸುತ್ತ ಕಡಲಿಲ್ಲ. ಇರುವುದು ಕೆಂಪು ಮಣ್ಣು ಮತ್ತು ಕಬ್ಬಿಣದ ಅದಿರು. ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು ಇಲ್ಲಿ 1977ರಲ್ಲಿ ಯಂತ್ರಗಣಿಯನ್ನು ಆರಂಭಿಸಿತು. ಅದೇ ನಿಗಮವು 2011ರಲ್ಲಿ ಆಸ್ಟ್ರೇಲಿಯದ ಅದಿರು ಕಂಪನಿಯೊಂದರಲ್ಲಿ ಅರ್ಧ ಪಾಲನ್ನು ಕೊಂಡಿತು. ಇಂಥ ಊರಿನವರು ಕೆಲವು ತಿಂಗಳ ಮಟ್ಟಿಗೆ ಪರದೇಶದಲ್ಲಿ ಕೆಲಸಮಾಡಿ ಬರುವುದು ಈ ಕಾಲದಲ್ಲಿ ಅಚ್ಚರಿಯ ಸಂಗತಿಯಲ್ಲ. ಕಚೇರಿಯ ಮಾತಿನಲ್ಲಿ ಇದಕ್ಕೆ ‘ಎರವಲು ಸೇವೆ’ ಎಂದು ಹೆಸರು. ಎರವಲು ತಂದ ವಸ್ತುವನ್ನು ಹಿಂದಿರುಗಿಸಿದರೆ ಋಣ ತೀರಿತು. ಮನುಷ್ಯನೇ ಎರವಲಾಗಿ ಹೋದಾಗ, ಹಿಂದಿರುಗಿ ಬಂದ ಮಾತ್ರಕ್ಕೆ ಋಣ ತೀರುವುದೇ? ತೀರದು ಎಂಬುದೇ ನನ್ನ ವಾದ.

ಈ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ಇಂದಿನ ಹೊಸಪೇಟೆಯ ಬಳಿ ಕಣಿವೆಗೆ ಅಡ್ಡಲಾಗಿ ಕೆರೆಯೊಂದನ್ನು ಕಟ್ಟಿಸಬೇಕೆಂದು ಕೃಷ್ಣದೇವರಾಯನು ಬಯಸಿದಾಗ, ಗೋವೆಯ ಪೋರ್ಚುಗೀಸ್ ಅಧಿಪತಿಯಿಂದ ಜೊವಾವೊ ದೆಲ್ಲಾ ಪೊಂತೆ ಎಂಬ ಕಲ್ಲುಕೆಲಸದ ನಿಪುಣನನ್ನು ಎರವಲಾಗಿ ಕರೆಸಿಕೊಂಡನು. ಈ ಕಾರ್ಯ ಅಸಾಧ್ಯವೆಂದು ಅವನಿಗೆ ತೋರಿತು. ಆದರೂ ಒಪ್ಪಿಕೊಂಡು, ಸುಣ್ಣವನ್ನು ಸಿದ್ಧಪಡಿಸಿರೆಂದನು. ಅರಸನು ನಕ್ಕುಬಿಟ್ಟನಂತೆ! ಹಗಲು ಕಟ್ಟಿದ್ದು ಇರುಳು ಕುಸಿಯಿತು. ಮರಣದಂಡನೆಗೆ ಗುರಿಯಾದವರನ್ನು ಬಲಿ ಕೊಟ್ಟರು. ಕಡೆಗೆ ಕೆರೆ ನಿಂತಿತು. ಆ ನೀರಿನ ಗದ್ದೆಗಳಿಗೆ ಒಂಬತ್ತು ವರ್ಷ ಕಂದಾಯವಿರಲಿಲ್ಲ. ಇಷ್ಟನ್ನೂ ಬರೆದಿಟ್ಟವನು ನೂನಿಜ್ ಎಂಬ ಪರದೇಶಿ. ಕೆಲಸದ ಸ್ಥಳದಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿದ್ದುದನ್ನು ಕಂಡು ಬರೆದವನು ಪೇಸ್, ಅವನೂ ಪರದೇಶಿ.

ಆದರೆ ಎರವಲು ಬಂದ ಆ ಶಿಲ್ಪಿಯ ಮಾತೇ ನಮಗೆ ದೊರೆತಿಲ್ಲ. ಕಾರ್ಯ ಅಸಾಧ್ಯವೆಂದು ಅವನೇಕೆ ಎಣಿಸಿದ? ಅವನ ಸುಣ್ಣದ ವಾದ ಕಡೆಗೆ ಏನಾಯಿತು? ಬಲಿಯನ್ನು ಕಂಡು ಅವನ ಮನಸ್ಸು ಏನೆಂದಿತು? ಅರಸನು ನಕ್ಕ ಅದೇ ಸುಣ್ಣದಿಂದ, ಸುರ್ಕಿ ಬೆರೆಸಿದ ಗಾರೆಯಲ್ಲಿ, ನಾಲ್ಕು ಶತಮಾನಗಳ ತರುವಾಯ ಹೊಸಪೇಟೆಯ ಬಳಿಯೇ ತುಂಗಭದ್ರೆಗೆ ಅಣೆಕಟ್ಟು ಎದ್ದಿತು. ಕೆಲಸ ಬಲ್ಲವನು ಮೌನವಾದರೆ ನಾಡು ಅದೇ ಪಾಠವನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ.

ನಮ್ಮವರೂ ಹೀಗೆ ಹೋಗಿಬಂದಿದ್ದಾರೆ. ಮುಂಬಯಿ ಸರ್ಕಾರದ ಸೇವೆಯಲ್ಲಿದ್ದ ವಿಶ್ವೇಶ್ವರಯ್ಯನವರನ್ನು 1906ರಲ್ಲಿ ಏಡನ್ ನಗರದ ನೀರು ಮತ್ತು ಚರಂಡಿಯ ವ್ಯವಸ್ಥೆಗಾಗಿ ಕಳುಹಿಸಲಾಯಿತು. ಮಳೆಯೇ ಕಾಣದ ಆ ಬಂದರಿನಲ್ಲಿ ಅವರು ಒಳನಾಡಿನತ್ತ ನೋಡಿ, ಲಾಹೆಜ್ ಕಡೆಯ ನದೀಪಾತ್ರದ ಮರಳಿನಡಿಯ ನೀರನ್ನು ಸೂಚಿಸಿದರು. 1951ರಲ್ಲಿ ಪ್ರಕಟವಾದ ತಮ್ಮ ವೃತ್ತಿಜೀವನದ ಸ್ಮರಣೆಗಳನ್ನು ಅವರು ಬರೆದದ್ದು ಇಂಗ್ಲಿಷಿನಲ್ಲಿ. ಬರೆದರಲ್ಲ ಎಂಬುದು ನಮ್ಮ ಭಾಗ್ಯ. ಕನ್ನಡದಲ್ಲಿ ಬರೆಯಲಿಲ್ಲವೆಂಬುದು ನಮ್ಮ ಕೊರತೆ.

“ಮೂರು ತಿಂಗಳಲ್ಲಿ ಒಂದು ದೇಶವನ್ನು ತಿಳಿದೆನೆನ್ನುವುದು ಉದ್ಧಟತನವಲ್ಲವೇ?” ಎಂದು ಕೆಲವರು ಆಕ್ಷೇಪಿಸಬಹುದು. ಮಾತು ನ್ಯಾಯವಾದುದೇ. ಆದರೆ 1443ರಲ್ಲಿ ಹಿರಾತಿನಿಂದ ಬಂದ ರಾಯಭಾರಿ ಅಬ್ದುರ್ ರಜಾಕನೂ ವಿಜಯನಗರದಲ್ಲಿದ್ದದ್ದು ಕೆಲವೇ ತಿಂಗಳು. ಈ ಪ್ರವಾಸಿಗರ ಬರಹಗಳಲ್ಲಿ ಉತ್ಪ್ರೇಕ್ಷೆಯಿದೆ, ತಪ್ಪು ತಿಳಿವಳಿಕೆಯಿದೆ. ಆದರೂ ಅವನ್ನು ತೆಗೆದುಬಿಟ್ಟರೆ ಹಂಪೆಯ ಬಜಾರಿನಲ್ಲಿ ಕಲ್ಲು ಉಳಿದೀತು, ಜನರ ಸದ್ದು ಉಳಿಯದು. ಅಲ್ಪಕಾಲದ ವಾಸ ದೋಷವಲ್ಲ. ಕಂಡದ್ದನ್ನು ಕಂಡಷ್ಟೇ ಎಂದು ಹೇಳದಿರುವುದು ದೋಷ.

ಹಾಗೆಂದು ಅಲ್ಲಿನ ಅಂಗಡಿ, ಹಿಮ, ಊಟಗಳ ವರ್ಣನೆ ನಮಗೆ ಬೇಕಿಲ್ಲ. ಅಪಾಯ ಕಂಡಾಗ ಯಂತ್ರವನ್ನು ನಿಲ್ಲಿಸುವ ಅಧಿಕಾರ ಅಲ್ಲಿ ಯಾರಿಗಿದೆ? ಕೂಲಿಯಾಳು ಎಂಜಿನಿಯರನೊಡನೆ ಹೇಗೆ ಮಾತನಾಡುತ್ತಾನೆ? ಅಗೆದು ಮುಗಿದ ಗುಡ್ಡವನ್ನು ಏನು ಮಾಡುತ್ತಾರೆ? 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿ ಸೀಮೆಯ ಗಣಿಗಾರಿಕೆಯನ್ನು ತಡೆಯಬೇಕಾಗಿ ಬಂತು. ಅಂಥ ನಾಡಿಗೆ ಇವು ಬರಿಯ ಕುತೂಹಲದ ಪ್ರಶ್ನೆಗಳಲ್ಲ. ಉತ್ತರಗಳು ಕಚೇರಿಯ ವರದಿಯಲ್ಲಿ ಇದ್ದರೂ ಇರಬಹುದು. ಸಂಡೂರಿನ ರೈತನ ಕೈಗೆ ಆ ವರದಿ ಬರುವುದಿಲ್ಲ, ಬಂದರೂ ಅದು ಅವನ ಭಾಷೆಯಲ್ಲಿರುವುದಿಲ್ಲ.

ಹೋಗಿಬಂದವರು ಸಾಹಿತಿಗಳಾಗಬೇಕೆಂದು ಯಾರೂ ಕೇಳುತ್ತಿಲ್ಲ. ಹತ್ತು ಪುಟಗಳಷ್ಟು ನೇರವಾದ ಕನ್ನಡ ಸಾಕು: ಕಲಿತದ್ದು, ಕಲಿಸಿದ್ದು, ಸೋತದ್ದು. ನಮ್ಮ ಊರಿನ ಕೆರೆಯ ಕಥೆಯನ್ನು ಹೊರಗಿನವನೊಬ್ಬ ಬರೆದಿಟ್ಟ. ಅದನ್ನು ಓದಿ ಬೆಳೆದ ನಾವು ಆ ಋಣವನ್ನು ಬರೆದೇ ತೀರಿಸಬೇಕು.