ಕೋಡ್ ಸಿಕ್ಕಿದೆ, ನಡೆಸುವವರನ್ನು ಉಳಿಸಿಕೊಳ್ಳಿ

2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ಕೊಂಡಿತು. ತಿಂಗಳು ತುಂಬುವ ಮೊದಲೇ ಹೊಸ ನಿಯಮ ಬಂತು: ಒಮ್ಮೆ ಹಣ ಕಟ್ಟಿ ಕಾಯಂ ಇಟ್ಟುಕೊಳ್ಳುವ ಲೈಸೆನ್ಸ್ ಇನ್ನಿಲ್ಲ, ಚಂದಾ ಮಾತ್ರ. ಒಂದೇ ಸರ್ವರನ್ನು ಹತ್ತಾರು ವರ್ಚುವಲ್ ಮೆಷೀನ್‌ಗಳಾಗಿ ಹಂಚಿಕೊಡುವ ಈ ತಂತ್ರಾಂಶ ಜಗತ್ತಿನ ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯಗಳ ಸರ್ವರ್ ರೂಮುಗಳಲ್ಲಿ ಎಷ್ಟೋ ವರ್ಷಗಳಿಂದ ಬೇರುಬಿಟ್ಟಿತ್ತು. ಅದನ್ನು ಬರೆದು ಬೆಳೆಸಿದವರಲ್ಲಿ ಬೆಂಗಳೂರಿನ ಎಂಜಿನಿಯರುಗಳೂ ಇದ್ದಾರೆ. ಅನೇಕ ಗ್ರಾಹಕರಿಗೆ ನವೀಕರಣದ ಬಿಲ್ಲು ಹಿಂದಿಗಿಂತ ಹಲವು ಪಟ್ಟು ಬಂತು. ಎಟಿ ಅಂಡ್ ಟಿಯಂಥ ದೈತ್ಯ ಸಂಸ್ಥೆಯೇ 2024ರಲ್ಲಿ ಕೋರ್ಟ್ ಮೆಟ್ಟಿಲು ಹತ್ತಿ, ಕೆಲವು ತಿಂಗಳಲ್ಲಿ ರಾಜಿ ಮಾಡಿಕೊಂಡಿತು. ಅಷ್ಟು ದೊಡ್ಡವರ ಪಾಡೇ ಹೀಗಾದರೆ ಜಿಲ್ಲಾ ಕೇಂದ್ರದ ಒಂದು ಸಹಕಾರಿ ಬ್ಯಾಂಕು ಯಾರ ಹತ್ತಿರ ಹೇಳಿಕೊಳ್ಳಬೇಕು?

ಬೆಲೆ ಏರಿಸುವುದು ಮಾರುವವರಿಗೆ ಬಿಟ್ಟದ್ದು. ನನ್ನನ್ನು ಕಾಡುವುದು ಕೊಂಡವರ ಅಸಹಾಯಕತೆ. ಸಾವಿರಾರು ವರ್ಚುವಲ್ ಮೆಷೀನ್‌ಗಳನ್ನು ಬೇರೆ ಕಡೆಗೆ ಸಾಗಿಸಲು ವರ್ಷಗಟ್ಟಲೆ ಬೇಕು, ಚಂದಾ ಕಟ್ಟುವ ಗಡುವು ಮಾತ್ರ ಅಷ್ಟು ದಿನ ಕಾಯುವುದಿಲ್ಲ.

ಬೇರೆ ದಾರಿಯೇ ಇರಲಿಲ್ಲವೆಂದಲ್ಲ. ನಾಸಾದ ಏಮ್ಸ್ ಸಂಶೋಧನಾ ಕೇಂದ್ರ ತನ್ನ ನೆಬ್ಯುಲಾ ಯೋಜನೆಗೆ ಬರೆದುಕೊಂಡಿದ್ದ ಕೋಡ್ ಮತ್ತು ಟೆಕ್ಸಾಸ್‌ನ ರ್‍ಯಾಕ್‌ಸ್ಪೇಸ್ ಕಂಪನಿಯ ಕಡತ ಸಂಗ್ರಹದ ಕೋಡ್ ಒಟ್ಟಿಗೆ ಸೇರಿ 2010ರ ಜುಲೈನಲ್ಲಿ ಓಪನ್‌ಸ್ಟ್ಯಾಕ್ ಹುಟ್ಟಿತು. ಅಮೆಜಾನ್ 2006ರಿಂದ ಬಾಡಿಗೆಗೆ ಕೊಡುತ್ತಿದ್ದಂಥ ಕ್ಲೌಡ್ ಸೌಲಭ್ಯವನ್ನು ಯಾರು ಬೇಕಾದರೂ ತಮ್ಮದೇ ಸರ್ವರುಗಳ ಮೇಲೆ ಕಟ್ಟಿಕೊಳ್ಳಬಹುದು, ಕೋಡ್ ಓದಬಹುದು, ತಿದ್ದಬಹುದು. ಅಪಾಚೆ ಲೈಸೆನ್ಸ್ ಆದ್ದರಿಂದ ಯಾರ ಅಪ್ಪಣೆಯೂ ಬೇಡ.

ಹೊಸ ವರ್ಚುವಲ್ ಮೆಷೀನ್ ಬೇಕೆಂದಾಗ ಬಳಸುವವರಿಗೆ ಕಾಣುವುದು ಒಂದು ಗುಂಡಿ. ಅದನ್ನು ಒತ್ತಿದಾಗ ಒಳಗೆ ನಡೆಯುವ ಓಡಾಟವೇ ಬೇರೆ. ಓಪನ್‌ಸ್ಟ್ಯಾಕ್‌ನ ಒಂದೊಂದು ಭಾಗಕ್ಕೆ ಒಂದೊಂದು ಕೆಲಸ. ಒತ್ತಿದವರು ಯಾರೆಂದು ಕೀಸ್ಟೋನ್ ಪರೀಕ್ಷಿಸುತ್ತದೆ. ಜಾಗವಿರುವ ಸರ್ವರನ್ನು ನೋವಾ ಹುಡುಕುತ್ತದೆ. ಗ್ಲಾನ್ಸ್ ಆಪರೇಟಿಂಗ್ ಸಿಸ್ಟಂನ ಪ್ರತಿ ಒದಗಿಸಿದರೆ ನ್ಯೂಟ್ರಾನ್ ಐಪಿ ವಿಳಾಸ ಕೊಡುತ್ತದೆ, ಸಿಂಡರ್ ಡಿಸ್ಕ್ ಜೋಡಿಸುತ್ತದೆ. ಎಲ್ಲೋ ಒಂದು ಕೊಂಡಿ ಕಳಚಿತೆನ್ನಿ, ಪರದೆಯ ಮೇಲೆ 'ನೋ ವ್ಯಾಲಿಡ್ ಹೋಸ್ಟ್ ವಾಸ್ ಫೌಂಡ್' (ತಕ್ಕ ಸರ್ವರ್ ಸಿಗಲಿಲ್ಲ) ಎಂಬ ಸಾಲು ಬಂದು ನಿಲ್ಲುತ್ತದೆ. ಓಪನ್‌ಸ್ಟ್ಯಾಕ್ ನಡೆಸುವವರೆಲ್ಲ ಈ ಸಾಲಿನ ಮುಂದೆ ನಿದ್ದೆಗೆಟ್ಟವರೇ. ಏಕೆಂದರೆ ಅದು ಕಾರಣ ಹೇಳುವುದಿಲ್ಲ. ಸರ್ವರುಗಳಲ್ಲಿ ರ್‍ಯಾಮ್ ಸಾಲದೆ ಹೋಗಿರಬಹುದು, ಒಂದು ಸರ್ವರಿನ ಕಂಪ್ಯೂಟ್ ಸರ್ವಿಸ್ ನಿಂತಿರಬಹುದು, ನೆಟ್‌ವರ್ಕ್ ಏಜೆಂಟ್ ಕೈಕೊಟ್ಟಿರಬಹುದು. ಶೆಡ್ಯೂಲರ್ ಲಾಗ್ ತೆರೆದು, ಅಲ್ಲಿಂದ ಕಂಡಕ್ಟರ್ ಲಾಗ್‌ಗೆ ಹೋಗಿ, ರಿಕ್ವೆಸ್ಟ್ ಐಡಿ ಹಿಡಿದು ಹಿಂದೆ ಹಿಂದೆ ನಡೆಯಬೇಕು. ಹೀಗೆ ನಡೆದು ಗೊತ್ತಿರುವ ಮನುಷ್ಯ ಕಚೇರಿಯಲ್ಲಿ ಇದ್ದಾನೋ ಇಲ್ಲವೋ ಎಂಬುದರ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಲೈಸೆನ್ಸ್ ಶುಲ್ಕ ಸೊನ್ನೆ ಎಂದು ಖುಷಿಪಟ್ಟು ಈ ಮನುಷ್ಯನ ಸಂಬಳಕ್ಕೆ ಹಣ ಇಡದ ಯೋಜನೆ ನೆಲಕಚ್ಚದೆ ಇನ್ನೇನಾದೀತು?

ನಡೆಸುವ ಜನರೇ ಮುಖ್ಯ ಎಂಬುದನ್ನು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ಬಹಳ ಮೊದಲೇ ಅರಿತಿತ್ತು. ಕಣಗಳನ್ನು ಡಿಕ್ಕಿ ಹೊಡೆಸುವ ಅಲ್ಲಿನ ಯಂತ್ರದಿಂದ ಬರುವ ದತ್ತಾಂಶ ಏರುತ್ತಲೇ ಇತ್ತು, ಸಿಬ್ಬಂದಿಯ ಸಂಖ್ಯೆ ಹೆಚ್ಚುವಂತಿರಲಿಲ್ಲ. ಆಗ ಅವರು ಮಾಡಿದ್ದು ನನಗೆ ತುಂಬ ಮೆಚ್ಚುಗೆಯಾದ ಕೆಲಸ. ತಾವೇ ವರ್ಷಗಟ್ಟಲೆ ಸಾಕಿ ಬೆಳೆಸಿದ್ದ ಸಲಕರಣೆಗಳನ್ನು ಬದಿಗಿಟ್ಟು, ಹೊರಗೆ ಸಾವಿರಾರು ಜನ ಒಟ್ಟಾಗಿ ಬೆಳೆಸುತ್ತಿದ್ದ ಓಪನ್‌ಸ್ಟ್ಯಾಕ್‌ನಂಥವನ್ನು ಅಪ್ಪಿಕೊಂಡರು. 2013ರಲ್ಲಿ ಕೆಲಸಕ್ಕೆ ನಿಂತ ಅವರ ಕ್ಲೌಡ್ ಕೆಲವೇ ವರ್ಷಗಳಲ್ಲಿ ಸುಮಾರು 3 ಲಕ್ಷ ಕೋರ್‌ಗಳಷ್ಟು ಬೆಳೆಯಿತು. ತಮಗೆ ಎದುರಾದ ತೊಂದರೆಗೆ ತಾವು ಬರೆದ ಪರಿಹಾರವನ್ನು ಮೂಲ ಯೋಜನೆಗೇ ಕೊಟ್ಟರು. ಅದು ಬರೀ ಔದಾರ್ಯವಲ್ಲ. ಮುಂದಿನ ಆವೃತ್ತಿ ಬಂದಾಗ ತಮ್ಮ ತಿದ್ದುಪಡಿಯನ್ನು ಮತ್ತೆ ಮತ್ತೆ ಅಂಟಿಸುವ ಕಷ್ಟ ಅದರಿಂದ ತಪ್ಪುತ್ತದೆ.

ಹಾಗೆಂದು ಎಲ್ಲರಿಗೂ ಇದೇ ಬೇಕೆಂದಿಲ್ಲ. ಮೂರು ಸರ್ವರ್ ಇರುವ ಆಸ್ಪತ್ರೆಗೆ ಓಪನ್‌ಸ್ಟ್ಯಾಕ್ ಬೇಡವೇ ಬೇಡ. ವಿಯೆನ್ನಾದ ಪ್ರಾಕ್ಸ್‌ಮಾಕ್ಸ್ ಸಾಕು. ಇನ್ನೂ ಸ್ವಲ್ಪ ದೊಡ್ಡವರಿಗೆ ಸಿಟ್ರಿಕ್ಸ್ 2012ರಲ್ಲಿ ಅಪಾಚೆ ಪ್ರತಿಷ್ಠಾನದ ಕೈಗೆ ಕೊಟ್ಟ ಕ್ಲೌಡ್‌ಸ್ಟ್ಯಾಕ್ ಇದೆ, ಕೂರಿಸುವುದು ಹೋಲಿಕೆಯಲ್ಲಿ ಸುಲಭ. ಆದರೆ ಮುಕ್ತ ತಂತ್ರಾಂಶ ಆರಿಸುವಾಗಲೂ ಅದರ ಹಿಂದೆ ಯಾರಿದ್ದಾರೆಂದು ನೋಡಲೇಬೇಕು. ಹ್ಯಾಶಿಕಾರ್ಪ್ ಎಂಬ ಒಂದೇ ಕಂಪನಿಯ ಹಿಡಿತದಲ್ಲಿದ್ದ, ಕ್ಲೌಡ್ ಕಟ್ಟಲು ಬಳಸುವ ಸಲಕರಣೆಯಾದ ಟೆರಾಫಾರ್ಮ್‌ನ ಲೈಸೆನ್ಸ್ 2023ರ ಆಗಸ್ಟ್‌ನಲ್ಲಿ ದಿಢೀರನೆ ಬದಲಾಯಿತು. ಬಳಕೆದಾರರು ಹಳೆಯ ಮುಕ್ತ ಕೋಡನ್ನೇ ಎತ್ತಿಕೊಂಡು ಓಪನ್‌ಟೋಫು ಎಂದು ಬೇರೆ ಕವಲು ಒಡೆಸಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ತಂದರು. ವಿಎಂವೇರ್ ಗ್ರಾಹಕರಿಗೆ ಇಂಥ ಅವಕಾಶ ಇರಲಿಲ್ಲ.

ನಮ್ಮಲ್ಲಿ ನೀತಿಯ ಕೊರತೆ ಇಲ್ಲ. ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು, ಬೇಡವೆಂದರೆ ಕಾರಣ ಬರೆಯಬೇಕು ಎಂದು ಕೇಂದ್ರ ಸರ್ಕಾರ 2015ರಲ್ಲೇ ಹೇಳಿದೆ. ಕೊರತೆ ಇರುವುದು ಹುದ್ದೆಗಳಲ್ಲಿ. ಕ್ಲೌಡ್ ಕಟ್ಟುವ ಕೆಲಸವನ್ನು ಗುತ್ತಿಗೆಗೆ ಕೊಟ್ಟು, ಗುತ್ತಿಗೆ ಮುಗಿದ ದಿನ ಪಾಸ್‌ವರ್ಡ್‌ಗಳ ಜೊತೆ ತಿಳಿವಳಿಕೆಯೂ ಹೊರಟುಹೋಗಲು ಬಿಟ್ಟರೆ, ತಂತ್ರಾಂಶ ಮುಕ್ತವಾಗಿದ್ದೂ ಇಲಾಖೆ ಮತ್ತೆ ಒಬ್ಬರ ಮುಷ್ಟಿಯಲ್ಲೇ ಉಳಿಯುತ್ತದೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯ ಕಾಲೇಜುಗಳಲ್ಲಿ ಕ್ಲೌಡ್ ಕಂಪ್ಯೂಟಿಂಗ್ ಪಾಠವಿದೆ. ಪಾಠದ ಜೊತೆಗೆ ಒಂದು ನಿಜವಾದ ಕ್ಲೌಡ್ ಕೂಡ ಇರಲಿ. ಓಪನ್‌ಸ್ಟ್ಯಾಕ್ ಕಲಿಕೆಗೆ ಒದಗುವ ಡೆವ್‌ಸ್ಟ್ಯಾಕ್ ಆವೃತ್ತಿಗೆ ಒಂದು ಒಳ್ಳೆಯ ಡೆಸ್ಕ್‌ಟಾಪ್ ಸಾಕು. ವಿದ್ಯಾರ್ಥಿಗಳೇ ಕೂರಿಸಲಿ, ಕೆಡಿಸಲಿ, ಲಾಗ್ ಓದಿ ಸರಿಪಡಿಸಲಿ. ಇತ್ತ ಸರ್ಕಾರ ಮುಂದಿನ ಟೆಂಡರ್ ಕರೆಯುವಾಗ ಎರಡು ಷರತ್ತು ಸೇರಿಸಲಿ: ಮೊದಲ ದಿನದಿಂದ ಇಲಾಖೆಯ ಕಾಯಂ ಎಂಜಿನಿಯರುಗಳು ಗುತ್ತಿಗೆದಾರರ ಪಕ್ಕದಲ್ಲೇ ಕೂತು ಕೆಲಸ ಮಾಡಬೇಕು, ಮತ್ತು ಕೊನೆಯ ಕಂತಿನ ಹಣ ಬಿಡುಗಡೆಯಾಗುವ ಮೊದಲು ಅದೇ ಎಂಜಿನಿಯರುಗಳು ಗುತ್ತಿಗೆದಾರರ ನೆರವಿಲ್ಲದೆ ಇಡೀ ವ್ಯವಸ್ಥೆಯನ್ನು ಒಂದು ಆವೃತ್ತಿ ಮೇಲಕ್ಕೆ ಏರಿಸಿ ತೋರಿಸಬೇಕು.