ಹೊಸ ಮನೆಯ ಗೋಡೆಗೆ ಬಣ್ಣದ ಅವಸರವೇಕೆ?

ವರ್ಷಗಟ್ಟಲೆ ಬಾಡಿಗೆ ಮನೆಯಲ್ಲಿದ್ದು, ಸಾಲ ಮಾಡಿ, ಪುಣೆಯ ಧಾಯರಿಯಲ್ಲೋ ಕಾತ್ರಜ್‌ನಲ್ಲೋ ಪುಟ್ಟ ಮನೆ ಕಟ್ಟಿಸಿದ ನಮ್ಮವರ ಮೊದಲ ಪ್ರಶ್ನೆ: 'ಗೃಹಪ್ರವೇಶಕ್ಕೆ ಯಾವ ಬಣ್ಣ ಹೊಡೆಸೋಣ?' ಆದರೆ ಮೊದಲು ಕೇಳಬೇಕಾದದ್ದು, 'ಗೋಡೆ ಒಣಗಿದೆಯೇ?' ಎಂದು.

ಸಿಮೆಂಟ್ ಪ್ಲಾಸ್ಟರ್‌ಗೆ ಕನಿಷ್ಠ 7 ದಿನ ನೀರುಣಿಸುತ್ತಾರೆ. ಅದು ಆರಲು 4 ವಾರವಾದರೂ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಲ್ಲಿನ ಮಳೆಯಲ್ಲಿ ಇನ್ನೂ ಹೆಚ್ಚು. ಹಸಿ ಗೋಡೆಗೆ ಬಣ್ಣ ಹಚ್ಚಿದರೆ ಒಳಗಿನ ತೇವ ಬಿಳಿ ಉಪ್ಪನ್ನು ಹೊರತರುತ್ತದೆ, ಬಣ್ಣ ಗುಳ್ಳೆ ಎದ್ದು ಉದುರುತ್ತದೆ.

ನಮ್ಮ ಮನೆಯಲ್ಲಿ ಆದದ್ದೇ ಅದು. ಶ್ರಾವಣದ ಮುಹೂರ್ತಕ್ಕೆಂದು ಆಷಾಢದ ಮಳೆಯಲ್ಲೇ ಪ್ಲಾಸ್ಟಿಕ್ ಪೇಂಟ್ ಮಾಡಿಸಿದೆವು. ದೀಪಾವಳಿಗೆ ಮೊದಲೇ ಹಾಲ್‌ನ ಗೋಡೆ ಕೆರೆಸಬೇಕಾಯಿತು. ಬ್ಯಾಂಕಿನ ಕಂತಿನ ಜೊತೆಗೆ ಎರಡನೇ ಸಲದ ಪೇಂಟಿಂಗ್ ಖರ್ಚು!

ಊರಲ್ಲಿ ಹಿರಿಯರು ಹೊಸ ಮನೆಗೆ ಮೊದಲು ಸುಣ್ಣ ಬಳಿಯುತ್ತಿದ್ದರು. ಸುಣ್ಣ ಗೋಡೆಯ ತೇವವನ್ನು ತಡೆಯುವುದಿಲ್ಲ. ಮುಂದೆ ಪೇಂಟ್ ಮಾಡಿಸುವಾಗ ಅದನ್ನು ಚೆನ್ನಾಗಿ ಉಜ್ಜಿ ತೆಗೆಸಬೇಕು, ಅಷ್ಟೆ. ಈಚಿನ ಫ್ಲ್ಯಾಟ್‌ಗಳ ಜಿಪ್ಸಮ್ ಪ್ಲಾಸ್ಟರ್‌ಗೆ ನೀರುಣಿಸಬೇಕಿಲ್ಲ, ಬೇಗ ಒಣಗುತ್ತದೆ. ನಿಮ್ಮದು ಯಾವುದೆಂದು ಕೇಳಿ ತಿಳಿದುಕೊಳ್ಳಿ.

ಸಂಶಯವಿದ್ದರೆ ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಬದಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ. ಮರುದಿನ ಒಳಬದಿಯಲ್ಲಿ ನೀರಿನ ಹನಿ ಕಂಡರೆ ಕಾಯಿರಿ.

ನೆಂಟರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಮುಹೂರ್ತ ತಪ್ಪಿಸದೆ ಹಾಲುಕ್ಕಿಸಿ; ಬಣ್ಣವನ್ನು ಬೇಸಿಗೆಗೆ ಇಟ್ಟುಕೊಳ್ಳುವುದೇ ಲೇಸು.