ರಾಜಾಸೀಟಿನಿಂದ ಕಾಣದ ಲೈನ್ ಮನೆ

ಕೊಡಗು ನೋಡಿ ಬಂದವರ ಬಾಯಲ್ಲಿ ಮೂರೇ ಮಾತು: ಮಂಜು, ಮಳೆ, ಹಸಿರು. ಭಾನುವಾರದ ಪುರವಣಿ ತೆಗೆದರೂ ಅದೇ, ಪ್ರವಾಸದ ಬಣ್ಣದ ಜಾಹೀರಾತು ನೋಡಿದರೂ ಅದೇ. ‘ಭಾರತದ ಸ್ಕಾಟ್ಲೆಂಡ್’ ಅಂತೆ! ನಮ್ಮ ಜನ ತಲೆಮಾರುಗಟ್ಟಲೆ ಬೆವರು ಸುರಿಸಿದ ನೆಲವನ್ನು ಹೊಗಳೋದಕ್ಕೂ ಬಿಳಿ ದೊರೆಯ ಊರಿನ ಹೆಸರೇ ಬೇಕಾಯಿತು.

ನಾವು ಕೇಳೋದು ಇಷ್ಟೆ. ಆ ಬರಹಗಳಲ್ಲಿ ಮೋಡ ಇದೆ, ಜಲಪಾತ ಇದೆ, ಆನೆ ಇದೆ, ಹಕ್ಕಿ ಇದೆ. ಹೋಂಸ್ಟೇ ಯಜಮಾನರ ಆತಿಥ್ಯ ಇದೆ, ಪಂದಿಕರಿ ಇದೆ, ಕಡಂಬಿಟ್ಟು ಇದೆ. ಕಾಫಿ ಹಣ್ಣು ಕೊಯ್ದವಳು ಮಾತ್ರ ಯಾಕೆ ಇಲ್ಲ? 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ ಮೇಲ್ಜಾತಿಯವರು ಬೀದಿಗಿಳಿದು ಕೂಗಾಡಿದರು. ಇವತ್ತು ಬೂಸಾ ಹುಡುಕಲು ಲೈಬ್ರರಿಗೆ ಹೋಗಬೇಕಿಲ್ಲ. ಬೆಟ್ಟದ ಮೇಲಿನ ಪ್ರವಾಸ ಲೇಖನ ಓದಿದರೆ ಸಾಕು.

ಮೊದಲನೆಯ ಸುಳ್ಳು, ಆ ಹಸಿರು ಪ್ರಕೃತಿ ಕೊಟ್ಟದ್ದು ಅನ್ನೋದು. ಅಲ್ಲ ಸ್ವಾಮಿ, ಅದು ಕೂಲಿ ಮಾಡಿದ್ದು. ಬೆಟ್ಟದ ಇಳಿಜಾರಿನಲ್ಲಿ ಗುಂಡಿ ತೋಡಿ ಗಿಡ ನೆಟ್ಟವರು ಯಾರು? ಮರ ಹತ್ತಿ ಮರಗಸಿ ಮಾಡಿ ಬಿಸಿಲು ನೆರಳನ್ನು ಅಳತೆ ಮಾಡಿಟ್ಟವರು ಯಾರು? ಚಿಗುರು ತೆಗೆದವರು, ಗೊಬ್ಬರ ಹೊತ್ತವರು, ಇಂಬಳ ಕಚ್ಚಿಸಿಕೊಂಡು ಕಳೆ ಕಿತ್ತವರು ಯಾರು? ನವೆಂಬರಿನಿಂದ ಜನವರಿವರೆಗೆ ಅರೇಬಿಕಾ, ಅಲ್ಲಿಂದ ಮಾರ್ಚಿನವರೆಗೆ ರೊಬಸ್ಟಾ ಕೊಯ್ಲು. ಅದು ಮುಗಿದು ಮಳೆ ಬಿದ್ದರೆ ತೋಟವೆಲ್ಲ ಬೆಳ್ಳಗೆ ಹೂವು. ಹೂವಿನ ಫೋಟೋ ಹೊಡೆಯೋಕೆ ಬೆಂಗಳೂರಿನಿಂದ ಕಾರು ಬರುತ್ತವೆ. ಬೆಳಗಿನ ಜಾವ ಆನೆಗೆ ಹೆದರುತ್ತ ಅದೇ ತೋಟಕ್ಕೆ ನಡೆದು ಬಂದವರ ಮುಖ ಆ ಫೋಟೋದಲ್ಲಿ ಎಲ್ಲಿದೆ?

ಮಡಿಕೇರಿಯ ರಾಜಾಸೀಟು ಎಲ್ಲರೂ ನೋಡುವ ಜಾಗ. ಹಾಲೇರಿ ವಂಶದ ಅರಸರು ಕುಟುಂಬ ಸಮೇತ ಕೂತು ಸೂರ್ಯಾಸ್ತ ನೋಡುತ್ತಿದ್ದರಂತೆ. ಹೆಸರಲ್ಲೇ ಎಲ್ಲ ಇದೆ. ಮೇಲೆ ಕೂತು ನೋಡುವವನು ರಾಜ. ಕೆಳಗೆ ಕಣಿವೆಯಲ್ಲಿ ಬಗ್ಗಿ ದುಡಿಯುವವನು ನೋಟದೊಳಗಿನ ಒಂದು ಚುಕ್ಕೆ. ಆ ರಾಜರ ಕಾಲದ ಕೊಡಗಿನಲ್ಲಿ ಹೊಲೆಯರು, ಯರವರು ಭೂಮಿಗೆ ಅಂಟಿದ ಗುಲಾಮರು. ಭೂಮಿ ಕೈ ಬದಲಾದರೆ ಅವರೂ ಕೈ ಬದಲಾಗುತ್ತಿದ್ದರು. 1834ರಲ್ಲಿ ರಾಜ ಹೋದ, ಇಂಗ್ಲಿಷರು ಬಂದರು. 1843ರಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಕಾಯ್ದೆಯಾಯಿತು. 1854ರಲ್ಲಿ ಮಡಿಕೇರಿಯಲ್ಲಿ ಬಿಳಿಯರ ಮೊದಲ ಕಾಫಿ ಎಸ್ಟೇಟು ಎದ್ದಿತು. ಹೆಸರು ಬದಲಾಯಿತು, ಬೆನ್ನು ಅದೇ. ಗುಲಾಮನ ಜಾಗಕ್ಕೆ ಮುಂಗಡ ತಗೊಂಡ ಕೂಲಿ ಬಂದ. ಜೀತ ರದ್ದು ಮಾಡುವ ಕಾನೂನು ಬರಲು 1976 ಆಗಬೇಕಾಯಿತು. ಇವತ್ತು ಟಿಕೆಟ್ ಕೊಂಡು ರಾಜಾಸೀಟಿನಲ್ಲಿ ನಿಂತ ಪ್ರವಾಸಿಗೆ ಸಿಗೋದು ರಾಜನ ಕಣ್ಣೇ. ಆ ಕಣ್ಣಿಗೆ ಲೈನ್ ಮನೆ ಕಾಣೋದಿಲ್ಲ.

ಲೈನ್ ಮನೆ ಅಂದರೆ ಏನು ಅಂತ ಬಯಲುಸೀಮೆಯ ಗೆಳೆಯರಿಗೆ ಹೇಳಬೇಕು. ಎಸ್ಟೇಟಿನ ಮೂಲೆಯಲ್ಲಿ ಒಂದೇ ಸಾಲಿಗೆ ಒಂದೇ ಗೋಡೆ ಹಂಚಿಕೊಂಡ ಕೋಣೆಗಳು. ಜಾಗ ಮಾಲೀಕನದು, ಗೋಡೆ ಮಾಲೀಕನದು, ಸೂರು ಮಾಲೀಕನದು. ಕೆಲಸ ಇರೋತನಕ ಮನೆ. ಮುದುಕರಾಗಿ ಕೆಲಸ ಬಿಟ್ಟರೆ, ಕೂಲಿ ಜಾಸ್ತಿ ಕೇಳಿದರೆ, ರೈಟರ್‌ಗೆ ಎದುರು ಮಾತಾಡಿದರೆ, ಸಂಘದ ಚೀಟಿ ತಗೊಂಡರೆ ಪಾತ್ರೆಪಗಡ ರಸ್ತೆಗೆ. ಮೂರು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಸತ್ತರೂ ಒಂದು ಹಕ್ಕುಪತ್ರ ಇಲ್ಲ. ಸತ್ತವರನ್ನು ಹೂಳಲು ಜಾಗ ಕೊಡಿ ಎಂದು ಅರ್ಜಿ ಹಿಡಿದು ನಿಂತ ಜನ ಇವರು.

1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಕುಡಿಯುವ ನೀರು, ಕಕ್ಕಸು, ಔಷಧಿ, ಹಸುಗೂಸುಗಳಿಗೆ ಶಿಶುಪಾಲನಾ ಕೋಣೆ ಕೊಡಬೇಕೆಂದಿತು. ಆದರೆ ಮನೆ ಕೊಡು ಎಂದಿತೇ ಹೊರತು, ಮನೆ ಅವರದಾಗಲಿ ಎನ್ನಲಿಲ್ಲ. 2020ರ ಕಾರ್ಮಿಕ ಸಂಹಿತೆಯೊಳಗೆ ಆ ಕಾಯ್ದೆಯನ್ನು ಸೇರಿಸಿದರು. ಒಡೆತನದ ಮಾತು ಅಲ್ಲೂ ಬರಲಿಲ್ಲ. ಗಂಟು ಇರುವುದು ಇಲ್ಲೇ. ಮನೆ ಇನ್ನೊಬ್ಬನ ಕೈಯಲ್ಲಿದ್ದರೆ ನಾಲಗೆಯೂ ಅವನ ಕೈಯಲ್ಲೇ.

ಲೈನ್ ಮನೆಯಿಂದ ಹೊರಗೆ ಬಂದು ಸ್ವಂತ ಗುಡಿಸಲು ಹಾಕಿಕೊಂಡವರ ಕಥೆ ಏನಾಯಿತು? ದಿಡ್ಡಳ್ಳಿಯನ್ನು ನೆನಪಿಸಿಕೊಳ್ಳಿ. 2016ರ ಡಿಸೆಂಬರಿನ ಚಳಿಯಲ್ಲಿ ಅರಣ್ಯ ಇಲಾಖೆ, ಪೊಲೀಸರು, ಜೆಸಿಬಿ ಬಂದರು. ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳು ನೆಲಸಮ. ಕಾರಣ? ಅರಣ್ಯ ಒತ್ತುವರಿ. ಆಗಲಿ, ಕಾನೂನು ಅಂದರೆ ಕಾನೂನು ಅಂದುಕೊಳ್ಳೋಣ. ಆದರೆ 2022ರಲ್ಲಿ ಇದೇ ರಾಜ್ಯದ ಶಾಸನಸಭೆ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದಿತು. ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ, ಏಲಕ್ಕಿ, ಮೆಣಸು ಬೆಳೆದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ! ಇದು ಯಾವ ನ್ಯಾಯ? ಗುಡಿಸಲಿನಷ್ಟು ಜಾಗ ಹಿಡಿದವನು ಅತಿಕ್ರಮಣಕಾರ, ಇಪ್ಪತ್ತೈದು ಎಕರೆ ಹಿಡಿದವನು ಬೆಳೆಗಾರ. ಎರಡು ಎಕರೆ ಇಟ್ಟುಕೊಂಡು ಹೆಂಡತಿ ಮಕ್ಕಳ ಜೊತೆ ತಾನೇ ಕೊಯ್ಯುವ ಬಡ ರೈತನ ಮೇಲೆ ನಮ್ಮ ಜಗಳವಿಲ್ಲ. ನಮ್ಮ ಜಗಳ ಈ ಎರಡು ತಕ್ಕಡಿಯ ಮೇಲೆ.

ಬೆಟ್ಟ ನೋಡಿದವರು ಮಾರನೇ ದಿನ ನಾಗರಹೊಳೆಗೆ ಹುಲಿ ನೋಡೋಕೆ ಹೋಗ್ತಾರೆ. ಹುಲಿಗೆ ತೊಂದರೆ ಅಂತ ಜೇನುಕುರುಬರನ್ನು ಆ ಕಾಡಿನಿಂದ ಹೊರಗೆ ಹಾಕಿದ್ದರು. ಸಫಾರಿ ಜೀಪಿನಿಂದ ಹುಲಿಗೆ ತೊಂದರೆ ಇಲ್ಲವಂತೆ. ಅದೇ ಕಾಡಿನ ಮೂರ್ಕಲ್ಲಿನಲ್ಲಿ ತಾರಾ ಹೋಟೆಲ್ ಕಂಪನಿಯ ರೆಸಾರ್ಟಿಗೆ ಸರ್ಕಾರ ಜಾಗ ಕೊಟ್ಟಿತ್ತು. ಆದಿವಾಸಿಗಳು ಎದ್ದು ನಿಂತರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧ ಎಂದಿತು. ಗೆದ್ದವರು ಬರಿಗಾಲಿನ ಜನ. ಈ ಗೆಲುವನ್ನು ಯಾವ ಗೈಡ್ ಹೇಳ್ತಾನೆ?

ಹಾಗಾದರೆ ಬೆಟ್ಟಕ್ಕೆ ಹೋಗಲೇಬಾರದಾ ಅಂತ ನಮ್ಮ ಹುಡುಗರು ಕೇಳ್ತಾರೆ. ಹೋಗಿ. ಖಂಡಿತ ಹೋಗಿ. ನೋಡುವ ಹಕ್ಕು ನಮಗೆ ಯಾರೋ ಕೊಟ್ಟ ಭಿಕ್ಷೆಯಲ್ಲ. 1934ರಲ್ಲಿ ಬಾಬಾಸಾಹೇಬರು ಸಂಗಾತಿಗಳ ಜೊತೆ ದೌಲತಾಬಾದಿನ ಬೆಟ್ಟದ ಕೋಟೆ ನೋಡಲು ಹೋದರು. ಧೂಳು ಹಿಡಿದ ಕೈಕಾಲು ಮುಖವನ್ನು ಅಲ್ಲಿನ ಕೊಳದ ನೀರಿನಲ್ಲಿ ತೊಳೆದರು. ಅಷ್ಟಕ್ಕೇ ಜನ ಸೇರಿ, ನೀರು ಮೈಲಿಗೆಯಾಯಿತೆಂದು ಬೈದು ಮುತ್ತಿದರು. ಕೋಟೆ ನೋಡಲು ಬಿಟ್ಟರು, ಒಳಗೆ ಎಲ್ಲೂ ನೀರು ಮುಟ್ಟಕೂಡದೆಂಬ ಷರತ್ತಿನ ಮೇಲೆ. ಆ ಚರಿತ್ರೆ ಬೆನ್ನಿಗಿರುವವರು ನಾವು. ಚೆಲುವಿನ ಮೇಲೆ ನಮಗೆ ಹಗೆ ಇಲ್ಲ. ಸೂರ್ಯ ಮುಳುಗುವಾಗ ನಮ್ಮ ಕಣ್ಣಿಗೂ ಅದು ಕೆಂಪೇ. ಚೆಲುವನ್ನು ದುಡಿದವನಿಂದ ಕಿತ್ತು ಮಾರುವ ವ್ಯಾಪಾರದ ಮೇಲೆ ನಮ್ಮ ಸಿಟ್ಟು.

ಹಾಗಂತ ಕ್ಯಾಮೆರಾ ಹಿಡಿದು ಲೈನ್ ಮನೆಗೆ ನುಗ್ಗಿ ಅನ್ನೋದಲ್ಲ. ಬಡತನ ನೋಡೋದೂ ಇನ್ನೊಂದು ಟೂರ್ ಆಗಬಾರದು.

ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು. ವರ್ಷಕ್ಕೊಮ್ಮೆ ಮಕ್ಕಳನ್ನು ಬಸ್ಸು ಹತ್ತಿಸಿ ಮಡಿಕೇರಿಗೆ ಕರ್ಕೊಂಡು ಹೋಗ್ತೀರಿ. ವಾಪಸು ಬಂದ ಮೇಲೆ ‘ನಾನು ಕಂಡ ಬೆಟ್ಟ’ ಅಂತ ಪ್ರಬಂಧ ಬರೆಸ್ತೀರಿ. ಈ ಸಲ ಹೊರಡೋ ಮೊದಲೇ ಕಪ್ಪುಹಲಗೆಯ ಮೇಲೆ ಮೂರು ಪ್ರಶ್ನೆ ಬರೆಯಿರಿ. ಈ ಬೆಟ್ಟ ಯಾರ ಹೆಸರಲ್ಲಿದೆ? ಈ ಗಿಡ ನೆಟ್ಟವರು ಯಾರು? ಅವರು ರಾತ್ರಿ ಮಲಗೋದು ಯಾರ ಮನೆಯಲ್ಲಿ? ಕೂಲಿಕಾರರ ಮಕ್ಕಳೇ ತುಂಬಿದ ತರಗತಿಯಲ್ಲಿ ಇದಕ್ಕೆ ಉತ್ತರ ಬರೆಯೋದು ಕಷ್ಟವಲ್ಲ. ಅವರ ಮನೆಯಲ್ಲೇ ಉತ್ತರ ಇದೆ.

ವಿದ್ಯಾರ್ಥಿ ಗೆಳೆಯರೇ, ಕಾರ್ಯಕರ್ತರೇ, ನಮ್ಮ ಬೇಡಿಕೆ ಉದ್ದವೇನಲ್ಲ. ಲೈನ್ ಮನೆಯಲ್ಲಿ ಬದುಕು ಸವೆಸಿದ ಪ್ರತಿ ಕುಟುಂಬಕ್ಕೂ ನಿವೇಶನ, ಮನೆ, ಹಕ್ಕುಪತ್ರ. ಪ್ರತಿ ಹಾಡಿಗೂ 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಭೂಮಿ. ಸತ್ತವರಿಗೆ ಸ್ಮಶಾನ. ಒತ್ತುವರಿದಾರರಿಗೆ ಇಪ್ಪತ್ತೈದು ಎಕರೆ ಅಳೆದು ಕೊಡಲು ಒಪ್ಪಿದ ಸರ್ಕಾರಕ್ಕೆ ಕೂಲಿಯವಳ ಮನೆಯಷ್ಟು ಜಾಗ ಅಳೆಯಲು ಸರಪಳಿ ಸಿಗೋದಿಲ್ಲವೇ?